ಪಂಪು ನಿಂತ ಮೇಲೆ: ಜಪಾನಿನ ಪಾಳು ಗಣಿಗಳು

ಜಪಾನಿನ ಇವಾಟೆ ಪ್ರಾಂತ್ಯದ ಹಚಿಮಾನ್‌ತಾಯ್ ಬೆಟ್ಟದ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1,000 ಮೀಟರ್ ಮೇಲೆ, ನಾಲ್ಕಂತಸ್ತಿನ ಹನ್ನೊಂದು ಕಾಂಕ್ರೀಟ್ ಕಟ್ಟಡಗಳು ಸಾಲಾಗಿ ನಿಂತಿವೆ. ಕಿಟಕಿಗಳಲ್ಲಿ ಗಾಜಿಲ್ಲ. ಚಳಿಗಾಲದಲ್ಲಿ ಹಿಮ ನೇರವಾಗಿ ಕೋಣೆಯೊಳಗೇ ಬೀಳುತ್ತದೆ. ಮತ್ಸುವೊ ಗಂಧಕದ ಗಣಿಯ ಕಾರ್ಮಿಕರಿಗಾಗಿ 1950ರ ದಶಕದ ಆರಂಭದಲ್ಲಿ ಕಟ್ಟಿದ ಮಿದೊರಿಗಾವೊಕ ವಸತಿಗೃಹಗಳು ಇವು. ಆ ಕಾಲಕ್ಕೇ ಇಲ್ಲಿ ಹಬೆಯಿಂದ ಮನೆ ಬೆಚ್ಚಗಿಡುವ ಕೊಳವೆಗಳೂ ಫ್ಲಶ್ ಶೌಚಾಲಯಗಳೂ ಇದ್ದವು. 'ಮೋಡದ ಮೇಲಿನ ಸ್ವರ್ಗ' ಎಂದು ಕರೆಸಿಕೊಂಡ ಈ ಊರಿನ ಕಂಪನಿ 1969ರಲ್ಲಿ ದಿವಾಳಿಯಾಯಿತು. ಕೆಲವೇ ವರ್ಷಗಳಲ್ಲಿ ಊರೂ ಖಾಲಿಯಾಯಿತು.

ಪಾಳು ಗಣಿಯ ಚಿತ್ರ ಎಂದರೆ ಇಂಥ ಕಟ್ಟಡಗಳ ಚಿತ್ರವೇ. ಆದರೆ ಅದೇ ಬೆಟ್ಟದಲ್ಲಿ ಒಂದು ಘಟಕ 1982ರಿಂದ ಒಂದು ದಿನವೂ ನಿಲ್ಲದೆ ಓಡುತ್ತಿದೆ. ಗಣಿಯೊಳಗಿಂದ ಹರಿದು ಬರುವ ಹುಳಿನೀರನ್ನು ತಟಸ್ಥಗೊಳಿಸಿ ನದಿಗೆ ಬಿಡುವುದೊಂದೇ ಅದರ ಕೆಲಸ. ಗಂಧಕ ತೆಗೆದದ್ದು ಅರವತ್ತು ವರ್ಷಕ್ಕಿಂತ ಕಡಿಮೆ ಅವಧಿ. ಅದರ ನೀರನ್ನು ತೊಳೆಯುವ ಕೆಲಸಕ್ಕೆ ಕೊನೆಯ ದಿನಾಂಕವೇ ಇಲ್ಲ. ಜಪಾನಿನ ಪಾಳು ಗಣಿಗಳನ್ನು ಅರ್ಥಮಾಡಿಕೊಳ್ಳಬೇಕಾದರೆ ಗೋಡೆಗಳ ಜೊತೆಗೆ ನೀರನ್ನೂ ನೋಡಬೇಕು. ಯಾವ ಗಣಿ ಉಳಿಯಿತು, ಯಾವುದು ಮುಳುಗಿತು, ಯಾವುದು ಇಂದಿಗೂ ಕೆಳಗಿನ ಊರಿಗೆ ಅಪಾಯ ಎಂಬುದನ್ನೆಲ್ಲ ಬಹುಮಟ್ಟಿಗೆ ತೀರ್ಮಾನಿಸಿದ್ದು ನೀರೇ.

ಒಂದೇ ದಶಕದಲ್ಲಿ ಇಷ್ಟೊಂದು ಬಾಗಿಲು ಮುಚ್ಚಿದ್ದೇಕೆ?

ಮುಚ್ಚಿದ ವರ್ಷಗಳನ್ನು ಒಂದರ ಕೆಳಗೆ ಒಂದು ಬರೆದು ನೋಡಿದರೆ ಸಂಗತಿ ಹೊಳೆಯುತ್ತದೆ. ಆಶಿಯೊ ತಾಮ್ರದ ಗಣಿ 1973. ಶಿಕೊಕು ದ್ವೀಪದ ಬೆಶ್ಶಿ ತಾಮ್ರದ ಗಣಿ 1973. ಇಕುನೊ ಬೆಳ್ಳಿ ಗಣಿಯೂ 1973. ನಾಗಸಾಕಿಯ ಹಾಶಿಮಾ ಕಲ್ಲಿದ್ದಲು ಗಣಿ 1974ರ ಜನವರಿ. ಅಕಿತಾದ ಓಸರಿಝಾವ ತಾಮ್ರದ ಗಣಿ 1978. ಬೆಶ್ಶಿಯಲ್ಲಿ 1691ರಿಂದ, ಅಂದರೆ 280 ವರ್ಷಕ್ಕೂ ಹೆಚ್ಚು ಕಾಲ ಕೆಲಸ ನಡೆದಿತ್ತು. ಹಾಗಿದ್ದೂ ಇವೆಲ್ಲ ಕೆಲವೇ ವರ್ಷಗಳ ಅಂತರದಲ್ಲಿ ನಿಂತುಹೋದವು.

ಕಲ್ಲಿದ್ದಲಿನ ಕಾರಣ ಸರಳ: ತೈಲ. 1960ರ ದಶಕದ ಆರಂಭದಲ್ಲಿ ಜಪಾನ್ ವರ್ಷಕ್ಕೆ ಐದೂವರೆ ಕೋಟಿ ಟನ್‌ನಷ್ಟು ಕಲ್ಲಿದ್ದಲು ತೆಗೆಯುತ್ತಿತ್ತು. 1962ರಲ್ಲಿ ಕಚ್ಚಾತೈಲದ ಆಮದು ಮುಕ್ತವಾದ ಮೇಲೆ ಸಮುದ್ರದಡಿಯ ಕಲ್ಲಿದ್ದಲಿಗೆ ಬೆಲೆಯಲ್ಲಿ ಸ್ಪರ್ಧಿಸಲು ದಾರಿಯೇ ಉಳಿಯಲಿಲ್ಲ. ಲೋಹದ ಗಣಿಗಳಲ್ಲಿ ಎರಡು ಪೆಟ್ಟು ಒಟ್ಟಿಗೆ ಬಿದ್ದವು. ಅದಿರು ಆಳಕ್ಕಿಳಿದಂತೆ ತೆಗೆಯುವ ಖರ್ಚು ಏರಿತು. ಇನ್ನೊಂದೆಡೆ 1971ರಲ್ಲಿ ಡಾಲರಿಗೆ 360 ಯೆನ್ ಎಂಬ ಸ್ಥಿರ ದರ ಮುರಿದುಬಿದ್ದು ಯೆನ್ ಬಲವಾಯಿತು, ವಿದೇಶಿ ಅದಿರು ಅಗ್ಗವಾಯಿತು. ಡಾಲರಿನ ಬೆಲೆ ಇಳಿಸಲು ದೊಡ್ಡ ದೇಶಗಳು ಮಾಡಿಕೊಂಡ 1985ರ ಪ್ಲಾಝಾ ಒಪ್ಪಂದದ ನಂತರ ಯೆನ್ ಮತ್ತೊಮ್ಮೆ ಜಿಗಿದಾಗ ಹ್ಯೋಗೊ ಪ್ರಾಂತ್ಯದ ಅಕೆನೊಬೆ ಗಣಿ ತತ್ತರಿಸಿ 1987ರಲ್ಲಿ ಮುಚ್ಚಿತು. ಅಲ್ಲಿ ಅದಿರಿನ್ನೂ ಇತ್ತು.

ಗಂಧಕದ ಕತೆಯೇ ಬೇರೆ. ನಗರಗಳ ಗಾಳಿ ಕೆಟ್ಟಾಗ ತೈಲದೊಳಗಿನ ಗಂಧಕವನ್ನು ಶುದ್ಧೀಕರಣ ಘಟಕದಲ್ಲೇ ಬೇರ್ಪಡಿಸುವುದು ಅನಿವಾರ್ಯವಾಯಿತು. ಹಾಗೆ ಉಪಉತ್ಪನ್ನವಾಗಿ ಸಿಕ್ಕ ಗಂಧಕ ಗಣಿಯ ಗಂಧಕಕ್ಕಿಂತ ಎಷ್ಟೋ ಅಗ್ಗ. ಮತ್ಸುವೊ ಏಷ್ಯಾದಲ್ಲೇ ದೊಡ್ಡ ಗಂಧಕ ಗಣಿ ಎಂದು ಹೆಸರಾಗಿದ್ದರೂ ಅದಕ್ಕೆ ಗಿರಾಕಿಗಳು ಇಲ್ಲವಾದರು.

ಅವಶೇಷ ನೋಡಿ ಗಣಿಯ ಬಗೆ ತಿಳಿಯುವುದು

ಕಾಡಿನ ನಡುವೆ ಬೆಟ್ಟದ ಮೈಗೆ ಅಂಟಿಕೊಂಡಂತೆ ದೈತ್ಯ ಕಾಂಕ್ರೀಟ್ ಮೆಟ್ಟಿಲುಗಳು ಕಂಡರೆ ಅದು ಲೋಹದ ಗಣಿ. ಅನೇಕರು ಅದನ್ನು ಕೋಟೆಯೆಂದೋ ದೇಗುಲವೆಂದೋ ಬಣ್ಣಿಸುತ್ತಾರೆ. ನಿಜಕ್ಕೂ ಅದು ಅದಿರು ಸಂಸ್ಕರಿಸುವ ಕಾರ್ಖಾನೆಯ ಅಡಿಪಾಯ. ಇಳಿಜಾರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಗಣಿಯಿಂದ ಬಂದ ಬಂಡೆಯನ್ನು ಎಲ್ಲಕ್ಕಿಂತ ಮೇಲಿನ ಹಂತದಲ್ಲಿ ಸುರಿಯುತ್ತಾರೆ. ಒಂದು ಹಂತ ಕೆಳಗೆ ಕ್ರಷರ್ ಅದನ್ನು ಮುಷ್ಟಿಯಷ್ಟು ಗಾತ್ರಕ್ಕೆ ಒಡೆಯುತ್ತದೆ. ಅದರ ಕೆಳಗೆ ಉಕ್ಕಿನ ಗುಂಡು ತುಂಬಿದ ಉರುಳೆ, ಅಂದರೆ ಬಾಲ್ ಮಿಲ್, ನೀರು ಬೆರೆಸಿ ಹಿಟ್ಟಿನಂತೆ ಅರೆಯುತ್ತದೆ. ಇನ್ನೂ ಕೆಳಗೆ ತೇಲಿಕೆ ತೊಟ್ಟಿಗಳು. ಅಲ್ಲಿ ಎಣ್ಣೆಯಂಥ ರಾಸಾಯನಿಕ ಬೆರೆಸಿ ಗಾಳಿ ಊದಿದರೆ ಲೋಹದ ಕಣಗಳು ಗುಳ್ಳೆಗಳಿಗಂಟಿ ನೊರೆಯಾಗಿ ಮೇಲೇಳುತ್ತವೆ, ಮಣ್ಣು ತಳಕ್ಕಿಳಿಯುತ್ತದೆ. ತಳದ ಹಂತದಲ್ಲಿ ನೀರನ್ನೂ ಕೆಸರನ್ನೂ ಬೇರ್ಪಡಿಸುವ ದುಂಡು ತೊಟ್ಟಿಗಳು. ಪ್ರತಿ ಹಂತಕ್ಕೂ ಸರಕು ತಾನಾಗಿ ಜಾರಿ ಇಳಿಯುವುದರಿಂದ ಪಂಪಿನ ಖರ್ಚು ಉಳಿಯುತ್ತದೆ.

ಅಕೆನೊಬೆಯ ಅದಿರನ್ನು ಸಂಸ್ಕರಿಸುತ್ತಿದ್ದ ಮಿಕೊಬಾತ ಘಟಕದಲ್ಲಿ ಮೇಲಿನ ಹಂತಕ್ಕೂ ಕೆಳಗಿನದಕ್ಕೂ 75 ಮೀಟರ್ ಎತ್ತರದ ವ್ಯತ್ಯಾಸ. ಶೆಡ್ಡನ್ನು 2004ರಲ್ಲಿ ಕೆಡವಿದ್ದರಿಂದ ಈಗ ಅಡಿಪಾಯ ಬಯಲಿಗೆ ಬಿದ್ದಿದೆ, ಓದಲು ಇನ್ನೂ ಸುಲಭವಾಗಿದೆ. ಜೋಡಿ ಕಾಂಕ್ರೀಟ್ ದಿಮ್ಮಿ, ಮೇಲೆ ನಾಲ್ಕೈದು ತುಕ್ಕು ಹಿಡಿದ ಬೋಲ್ಟು: ಅಲ್ಲಿ ಮಿಲ್ ಕೂತಿತ್ತು. ಗೋಡೆಯುದ್ದಕ್ಕೂ ಒಂದೇ ಅಳತೆಯ ಗೂಡುಗಳ ಸಾಲು: ಅದಿರಿನ ಕಣಜ. ಅಕೆನೊಬೆಗೂ ಮಿಕೊಬಾತಕ್ಕೂ ನಡುವೆ ಸುಮಾರು 6 ಕಿಲೋಮೀಟರ್ ಓಡುತ್ತಿದ್ದ ಗಣಿರೈಲು ಕಾರ್ಮಿಕರಿಗೂ ಅವರ ಮನೆಯವರಿಗೂ 1952ರಿಂದ 1985ರವರೆಗೆ ಒಂದೇ ಯೆನ್ ದರದಲ್ಲಿ ಸಂಚರಿಸಿತು. ಇಂದಿಗೂ ಅದರ ಹೆಸರು 'ಒಂದು ಯೆನ್ ರೈಲು'.

ದುಂಡು ತೊಟ್ಟಿಯನ್ನು ಹತ್ತಿರದಿಂದ ನೋಡಬೇಕೆಂದರೆ ಚಿನ್ನದ ಗಣಿಗೆ ಹೆಸರಾದ ಸಾದೊ ದ್ವೀಪದ ಕಿತಾಝಾವಕ್ಕೆ ಹೋಗಬೇಕು. 1940ರ ಸುಮಾರಿಗೆ ಕಟ್ಟಿದ ಅದರ ವ್ಯಾಸ 50 ಮೀಟರ್. ಕೆಸರುನೀರು ನಡುವಿಗೆ ಬಂದು ಬೀಳುತ್ತಿತ್ತು. ಅಂಚಿನ ಕಡೆ ಹೋದಂತೆ ಹರಿವು ನಿಧಾನವಾಗಿ ಕಣಗಳು ಕೆಳಗಿಳಿಯುತ್ತಿದ್ದವು. ತಳದಲ್ಲಿ ಮೆಲ್ಲಗೆ ಸುತ್ತುವ ಕುಂಟೆಯಂಥ ಬಾಚು ಆ ಕೆಸರನ್ನು ಮತ್ತೆ ನಡುವಿಗೆ ಎಳೆಯುತ್ತಿತ್ತು, ತಿಳಿನೀರು ಅಂಚಿನ ಕಾಲುವೆಗೆ ತುಳುಕುತ್ತಿತ್ತು. ಅಂಚು ಎಲ್ಲ ಕಡೆ ಒಂದೇ ಮಟ್ಟದಲ್ಲಿರಬೇಕು. ಒಂದು ಬದಿ ಕುಸಿದರೆ ನೀರೆಲ್ಲ ಅತ್ತಲೇ ನುಗ್ಗಿ ಕೆಸರನ್ನೂ ಜೊತೆಗೆಳೆಯುತ್ತದೆ. ಇಂಥ ತೊಟ್ಟಿಗಳ ಅಡಿಪಾಯ ಅಷ್ಟು ದಪ್ಪವಾಗಿರುವುದಕ್ಕೆ, ಮೇಲಿನ ಕಟ್ಟಡ ಬಿದ್ದುಹೋದರೂ ಅವು ಉಳಿದಿರುವುದಕ್ಕೆ ಇದೂ ಒಂದು ಕಾರಣ.

ಕಲ್ಲಿದ್ದಲಿನ ಗುರುತುಗಳು ಬೇರೆ. ಶಾಫ್ಟ್‌ನ, ಅಂದರೆ ಗಣಿಗಿಳಿಯುವ ನೇರ ಬಾವಿಯ ಮೇಲೆ ಗೋಪುರ, ಪಕ್ಕದಲ್ಲಿ ತ್ಯಾಜ್ಯಕಲ್ಲಿನ ಗುಡ್ಡ, ದೂರದಲ್ಲಿ ಕಾರ್ಮಿಕರ ಸಾಲುಮನೆ. ಆ ಗುಡ್ಡಕ್ಕೆ ಕ್ಯೂಶೂವಿನಲ್ಲಿ 'ಬೊತಯಾಮ', ಹೊಕ್ಕೈದೊದಲ್ಲಿ 'ಝುರಿಯಾಮ' ಎನ್ನುತ್ತಾರೆ. ಉಳಿದ ಕಲ್ಲಿದ್ದಲಿನ ಚೂರು ಗಾಳಿ ತಾಗಿ ಬಿಸಿಯಾಗಿ ಗುಡ್ಡದೊಳಗೇ ಹೊತ್ತಿಕೊಳ್ಳುವುದುಂಟು. ಫುಕುಒಕ ಪ್ರಾಂತ್ಯದ ಶಿಮೆಯಲ್ಲಿ 1943ರಲ್ಲಿ ಕಟ್ಟಿದ 47.6 ಮೀಟರ್ ಎತ್ತರದ ಕಾಂಕ್ರೀಟ್ ಗೋಪುರವಿದೆ. ಹಗ್ಗ ಸುತ್ತುವ ಯಂತ್ರ ನೆಲದ ಮೇಲಿಲ್ಲದೆ ಗೋಪುರದ ತಲೆಯಲ್ಲೇ ಕೂತಿದ್ದರಿಂದ ಅದರ ಆಕಾರ ನೆಟ್ಟ ಸುತ್ತಿಗೆಯಂತೆ. ನೌಕಾಪಡೆಗೆ ಇಂಧನ ಒದಗಿಸಲು ಸರಕಾರವೇ ನಡೆಸಿದ ಗಣಿ ಅದು.

ಹಾಶಿಮಾ: ಉಪ್ಪು ತಿಂದ ಕಾಂಕ್ರೀಟ್

ಪಾಳು ಗಣಿಗಳಲ್ಲಿ ಲೋಕಪ್ರಸಿದ್ಧವಾದದ್ದು ನಾಗಸಾಕಿಯ ಕಡಲಿನ ಹಾಶಿಮಾ. ಯುದ್ಧನೌಕೆಯ ಆಕಾರದ್ದಾದ್ದರಿಂದ ಗುಂಕಂಜಿಮ ಎಂದೂ ಕರೆಯುತ್ತಾರೆ. ಉದ್ದ 480 ಮೀಟರ್, ಅಗಲ 160 ಮೀಟರ್, ಅಷ್ಟೇ. ಮಿತ್ಸುಬಿಶಿ 1890ರಲ್ಲಿ ಇದನ್ನು ಕೊಂಡಾಗ ಇದು ಈಗಿನ ಮೂರನೇ ಒಂದು ಪಾಲಿನಷ್ಟೇ ಇತ್ತು. ಉಳಿದದ್ದು ಗಣಿತ್ಯಾಜ್ಯ ಸುರಿದು ಸಮುದ್ರದಿಂದ ಕಸಿದುಕೊಂಡ ನೆಲ. 1960ರ ಸುಮಾರಿಗೆ 5,200ಕ್ಕೂ ಹೆಚ್ಚು ಜನ ಇಲ್ಲಿದ್ದರು. ಶಾಫ್ಟ್ 600 ಮೀಟರಿಗೂ ಹೆಚ್ಚು ನೇರ ಕೆಳಕ್ಕೆ ಇಳಿದು, ಅಲ್ಲಿಂದ ಓರೆ ಸುರಂಗಗಳು ಸಮುದ್ರಮಟ್ಟಕ್ಕಿಂತ 1,000 ಮೀಟರ್ ಆಳದವರೆಗೆ ಹೋಗುತ್ತಿದ್ದವು. ಅಲ್ಲಿ 30 ಡಿಗ್ರಿ ಶಾಖ, 95 ಪ್ರತಿಶತ ತೇವ. ಸಿಕ್ಕ ಕಲ್ಲಿದ್ದಲು ಉಕ್ಕಿನ ಕುಲುಮೆಗೆ ಬೇಕಾದ ಉತ್ತಮ ದರ್ಜೆಯದು.

ಜಾಗ ಇಲ್ಲದ್ದರಿಂದ ಮನೆಗಳು ಮೇಲಕ್ಕೆ ಬೆಳೆದವು. 1916ರಲ್ಲಿ ಕಟ್ಟಿದ 30ನೇ ನಂಬರಿನ ಕಟ್ಟಡ ಜಪಾನಿನ ಅತಿ ಹಳೆಯ ಬಹುಮಹಡಿ ಆರ್‌ಸಿಸಿ ವಸತಿಗೃಹ. ಈಗ ಅದು ಸಾಯುತ್ತಿರುವ ರೀತಿಯನ್ನು ಗಮನಿಸಿದರೆ ಕಾಂಕ್ರೀಟ್ ಹೇಗೆ ಹಾಳಾಗುತ್ತದೆ ಎಂಬುದು ಹಂತಹಂತವಾಗಿ ತಿಳಿಯುತ್ತದೆ. ಹೊಸ ಕಾಂಕ್ರೀಟ್ ಕ್ಷಾರೀಯ, ಪಿಎಚ್ ಅಳತೆಯಲ್ಲಿ 12ರ ಮೇಲೆ (7 ಎಂದರೆ ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಹುಳಿ). ಆ ಕ್ಷಾರದಲ್ಲಿ ಕಬ್ಬಿಣದ ಸರಳಿನ ಮೇಲೆ ತೆಳ್ಳಗಿನ ಪದರವೊಂದು ಕಟ್ಟಿಕೊಂಡು ಅದನ್ನು ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಕ್ಕಿಷ್ಟು ಎಂದು ಒಳಸೇರಿ ಕ್ಷಾರವನ್ನು ಇಳಿಸುತ್ತಾ ಹೋಗುತ್ತದೆ. ಕಡಲ ಉಪ್ಪು ಅಷ್ಟು ಕಾಯುವುದಿಲ್ಲ. ಕ್ಲೋರೈಡ್ ಒಳಗಿಳಿದರೆ ಕ್ಷಾರ ಇದ್ದಾಗಲೇ ಆ ಪದರವನ್ನು ಅಲ್ಲಲ್ಲಿ ತೂತು ಮಾಡುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು-ಮೂರು ಪಟ್ಟು ಜಾಗ ಕೇಳುತ್ತದೆ. ಆ ಒತ್ತಡಕ್ಕೆ ಹೊರಗಿನ ಹೊದಿಕೆ ಬಿರುಕುಬಿಟ್ಟು ಉದುರುತ್ತದೆ. ಬೆತ್ತಲಾದ ಸರಳಿಗೆ ಇನ್ನಷ್ಟು ಉಪ್ಪು, ಇನ್ನಷ್ಟು ತುಕ್ಕು. ಕೊನೆಗೆ ತೊಲೆಯಲ್ಲಿ ಸರಳೇ ಉಳಿದಿರುವುದಿಲ್ಲ, ಒಂದು ಮಹಡಿ ಕೆಳಗಿನದರ ಮೇಲೆ ಕುಸಿಯುತ್ತದೆ. 2020ರಲ್ಲಿ 30ನೇ ಕಟ್ಟಡದ ಒಂದು ಭಾಗ ಹೀಗೆಯೇ ಬಿತ್ತು.

ಪಶ್ಚಿಮದ ಕಟ್ಟಡಗಳಿಗೆ ಮನೆಯ ಜೊತೆಗೆ ಅಲೆತಡೆಯ ಕೆಲಸವೂ ಇತ್ತು. ಚಂಡಮಾರುತದಲ್ಲಿ ಅವುಗಳ ಮೇಲಿಂದ ನೀರು ಹಾರಿ ಹಿಂದಿನ ಓಣಿಗೆ ಬೀಳುತ್ತಿತ್ತು. ಆ ಓಣಿಯ ಹೆಸರೇ 'ಉಪ್ಪು ಸುರಿಯುವ ಬೀದಿ'. ಹಳೆಯ ಸಮುದ್ರಗೋಡೆಗಳ ಕಲ್ಲಿನ ಸಂದಿಯಲ್ಲಿ ಕೆಂಪುಮಿಶ್ರಿತ ಕಂದು ಗಾರೆ ಕಾಣುತ್ತದೆ. ಸುಣ್ಣ ಮತ್ತು ಕೆಮ್ಮಣ್ಣು ಕಲಸಿದ 'ಅಮಕಾವ' ಅದು. ಅದರಲ್ಲಿ ಕಬ್ಬಿಣವಿಲ್ಲ, ಆದ್ದರಿಂದ ತುಕ್ಕಿನ ಭಯವೂ ಇಲ್ಲ. 2015ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು ಈ ಗೋಡೆಗಳು ಮತ್ತು ಮೇಜಿ ಕಾಲದ ಗಣಿಯ ಕುರುಹುಗಳೇ. ಆ ಪಟ್ಟಿಯ ಕಾಲಮಿತಿ 1910ಕ್ಕೆ ಮುಗಿಯುತ್ತದೆ, ಎಲ್ಲರೂ ಫೋಟೋ ತೆಗೆಯುವ ವಸತಿಗೃಹಗಳು ಅದರ ಆಚೆಗಿವೆ. ಕಾಪಾಡುವ ಕ್ರಮದಲ್ಲೂ ಗೋಡೆಗೇ ಮೊದಲ ಸ್ಥಾನ ಕೊಡುವುದು ಸರಿ. ಗೋಡೆ ಒಡೆದರೆ ತ್ಯಾಜ್ಯದಿಂದ ತುಂಬಿಸಿದ ನೆಲ ಕೊಚ್ಚಿಹೋಗುತ್ತದೆ, ಅದರ ಮೇಲಿನದೆಲ್ಲ ಜೊತೆಗೆ ಹೋಗುತ್ತದೆ.

ಈ ದ್ವೀಪದ ಬಗ್ಗೆ ಬರೆಯುವಾಗ ಬಿಡಬಾರದ ಒಂದು ಮಾತಿದೆ. 1940ರ ದಶಕದ ಯುದ್ಧಕಾಲದಲ್ಲಿ ಕೊರಿಯಾ ಮತ್ತು ಚೀನಾದಿಂದ ಜನರನ್ನು ಬಲವಂತವಾಗಿ ತಂದು ಈ ಆಳದಲ್ಲಿ ದುಡಿಸಿದರು. 2015ರಲ್ಲಿ ಜಪಾನಿನ ಪ್ರತಿನಿಧಿಯೇ ಪರಂಪರೆ ಸಮಿತಿಯ ಮುಂದೆ, ಕೊರಿಯನ್ನರನ್ನೂ ಇತರರನ್ನೂ ಅವರ ಇಚ್ಛೆಗೆ ವಿರುದ್ಧವಾಗಿ ಕರೆತಂದು ಕಠಿಣ ಪರಿಸ್ಥಿತಿಯಲ್ಲಿ ದುಡಿಸಲಾಗಿತ್ತೆಂದು ಒಪ್ಪಿಕೊಂಡರು. ಅದನ್ನು ಸಂದರ್ಶಕರಿಗೆ ಸರಿಯಾಗಿ ತಿಳಿಸುತ್ತಿಲ್ಲ ಎಂದು 2021ರಲ್ಲಿ ಸಮಿತಿ ವಿಷಾದ ಸೂಚಿಸಿತು. 2024ರಲ್ಲಿ ಸಾದೊ ಪಟ್ಟಿಗೆ ಸೇರಿದಾಗಲೂ ಇದೇ ಪ್ರಶ್ನೆ ಎದ್ದಿತು, ಅಲ್ಲಿ ದುಡಿದ ಕೊರಿಯನ್ನರು ಸುಮಾರು 1,500 ಮಂದಿ. ಗೋಡೆಯ ಗಾರೆಯ ಬಗ್ಗೆ ತಿಳಿಯುವಷ್ಟೇ ಶ್ರದ್ಧೆಯಿಂದ ಇದನ್ನೂ ತಿಳಿಯಬೇಕು.

ನೀರು ಹುಳಿಯಾಗುವ ಬಗೆ

ಈಗ ಮತ್ತೆ ಮತ್ಸುವೊಗೆ ಬರೋಣ. ಲೋಹದ ಗಣಿಗಳಲ್ಲಿ ಸಾಮಾನ್ಯವಾಗಿ ಸಿಗುವ ಖನಿಜ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕದ ಸಂಯುಕ್ತ. ಬಂಡೆಯೊಳಗೆ ಹುದುಗಿರುವಾಗ ಅದಕ್ಕೆ ಗಾಳಿ ಸೋಕುವುದಿಲ್ಲ, ತೊಂದರೆಯೂ ಇಲ್ಲ. ಸುರಂಗ ಕೊರೆದಾಗ ಗಾಳಿಯೂ ಮಳೆನೀರೂ ಅದನ್ನು ಮುಟ್ಟುತ್ತವೆ. ಆಗ ಗಂಧಕ ಸಲ್ಫ್ಯೂರಿಕ್ ಆಮ್ಲವಾಗುತ್ತದೆ, ಕಬ್ಬಿಣ ಕರಗಿ ನೀರಿಗೆ ಬರುತ್ತದೆ. ಆ ಆಮ್ಲ ಪಕ್ಕದ ಬಂಡೆಯಿಂದ ಆರ್ಸೆನಿಕ್, ತಾಮ್ರ, ಸತು, ಕ್ಯಾಡ್ಮಿಯಂ ಏನಿದ್ದರೂ ಕರಗಿಸಿಕೊಳ್ಳುತ್ತದೆ. ಗಣಿ ನಡೆಯುವಾಗ ಪಂಪು ನೀರನ್ನು ಎತ್ತುತ್ತಿರುತ್ತದೆ. ಕಂಪನಿ ಹೋದ ಮೇಲೆ ನೀರು ಒಳಗೇ ಏರುತ್ತಾ ಬಂದು, ಎಲ್ಲಕ್ಕಿಂತ ತಗ್ಗಿನ ಬಾಯಿಯಿಂದ ಹೊರಬೀಳುತ್ತದೆ.

ಮತ್ಸುವೊದ ನೀರಿನ ಪಿಎಚ್ 2ಕ್ಕೆ ಹತ್ತಿರ, ಹೆಚ್ಚುಕಡಿಮೆ ನಿಂಬೆರಸದಷ್ಟು. ಪಿಎಚ್‌ನಲ್ಲಿ ಒಂದು ಅಂಕಿ ಇಳಿದರೆ ಆಮ್ಲತೆ ಹತ್ತು ಪಟ್ಟು ಏರುತ್ತದೆ. ಆದ್ದರಿಂದ ತಟಸ್ಥ ನೀರಿಗಿಂತ ಇದು ಸುಮಾರು ಲಕ್ಷ ಪಟ್ಟು ಹುಳಿ. ನೀರು ಅಕಾಗಾವ ಎಂಬ ಹಳ್ಳದ ಮೂಲಕ ಕಿತಾಕಾಮಿ ನದಿಗೆ ಸೇರಿ, ಅದನ್ನು ತುಕ್ಕಿನ ಬಣ್ಣಕ್ಕೆ ತಿರುಗಿಸಿ ಮೀನುಗಳನ್ನು ಕೊಂದಿತು. ದಿವಾಳಿಯಾದ ಕಂಪನಿಯಿಂದ ವಸೂಲಿ ಮಾಡುವುದು ಸಾಧ್ಯವಿರಲಿಲ್ಲ. 1970ರ ದಶಕದಲ್ಲಿ ಸರಕಾರ ತುರ್ತಾಗಿ ಸುಣ್ಣದಕಲ್ಲಿನ ಪುಡಿಯನ್ನು ನೇರ ಹಳ್ಳಕ್ಕೇ ಸುರಿಯಿತು. ಹುಳಿ ಇಳಿಯಿತಾದರೂ ಹುಟ್ಟಿದ ಕೆಸರು ಕೆಳಗಿನ ಜಲಾಶಯದಲ್ಲಿ ತುಂಬುತ್ತಾ ಹೋಯಿತು.

ಸುರಂಗದ ಬಾಯಿಯನ್ನು ಕಾಂಕ್ರೀಟಿನಿಂದ ಮುಚ್ಚಿಬಿಟ್ಟರೆ ಆಗದೇ ಎಂದು ಯಾರಿಗಾದರೂ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ಒಳಗೆ ನೀರು 100 ಮೀಟರ್ ಏರಿದರೆ ತಳದಲ್ಲಿ ಪ್ರತಿ ಚದರ ಮೀಟರಿಗೆ 100 ಟನ್ ಒತ್ತಡ. ಎರಡು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಬಾಯಿಯನ್ನು ಮುಚ್ಚಿದ ಬಿರಡೆಯ ಮೇಲೆ 400 ಟನ್. ಬಿರಡೆಯನ್ನೇನೋ ಅಷ್ಟು ಗಟ್ಟಿಯಾಗಿ ಕಟ್ಟಬಹುದು. ಸುತ್ತಲಿನ ಬಂಡೆ ಬಿರುಕುಬಿಟ್ಟಿರುತ್ತದೆ, ಎಲ್ಲಿ ಬಿಟ್ಟಿದೆ ಎಂಬ ನಕ್ಷೆ ಇರುವುದಿಲ್ಲ. ನೀರು ಒಂದು ಕಡೆ ತಡೆದರೆ ಇನ್ನೊಂದು ಹತ್ತು ಕಡೆ ಜಿನುಗುತ್ತದೆ. ಒಂದೇ ಬಾಯಿಂದ ಹರಿಯುವ ನೀರನ್ನು ಹಿಡಿದು ತೊಳೆಯಬಹುದು, ಬೆಟ್ಟದ ತುಂಬ ಜಿನುಗುವುದನ್ನು ಹಿಡಿಯಲಾಗದು.

ಹಾಗಾಗಿ ಉಳಿದ ದಾರಿ ತೊಳೆಯುವುದೇ. ಇಲ್ಲಿನ ಕ್ರಮದಲ್ಲಿ ಒಂದು ಜಾಣ್ಮೆ ಇದೆ. ಗಣಿಯಿಂದ ಬರುವ ಕಬ್ಬಿಣ ಹೆಚ್ಚಾಗಿ 'ಫೆರಸ್' ರೂಪದ್ದು. ಅದನ್ನು ಕೆಸರಾಗಿ ಕೆಳಗಿಳಿಸಬೇಕಾದರೆ ನೀರಿನ ಪಿಎಚ್ 8-9ಕ್ಕೆ ಏರಿಸಬೇಕು, ಅದಕ್ಕೆ ದುಬಾರಿಯಾದ ಸುಟ್ಟಸುಣ್ಣವೇ ಬೇಕು. ಅದನ್ನೇ 'ಫೆರಿಕ್' ರೂಪಕ್ಕೆ ತಿರುಗಿಸಿದರೆ ಪಿಎಚ್ 4ರ ಆಸುಪಾಸಿನಲ್ಲೇ ಕೆಳಗಿಳಿಯುತ್ತದೆ, ಅಗ್ಗದ ಸುಣ್ಣದಕಲ್ಲಿನ ಪುಡಿ ಸಾಕು. ಆ ತಿರುಗಿಸುವ ಕೆಲಸವನ್ನು ಇಲ್ಲಿ ಬ್ಯಾಕ್ಟೀರಿಯಾ ಮಾಡುತ್ತವೆ. ಹುಳಿನೀರಿನಲ್ಲೇ ಬದುಕುವ, ಕಬ್ಬಿಣವನ್ನು ಆಕ್ಸೀಕರಿಸಿ ಆ ಶಕ್ತಿಯಿಂದಲೇ ಹೊಟ್ಟೆ ಹೊರೆಯುವ ಜೀವಿಗಳು. ತೊಟ್ಟಿಗೆ ಗಾಳಿ ಊದುತ್ತಾ ಅವನ್ನು ಸಾಕುತ್ತಾರೆ. ನೀರಿನ ಜೊತೆ ಅವು ಕೊಚ್ಚಿಹೋಗದಂತೆ, ಅವು ಅಂಟಿಕೊಂಡಿರುವ ಕೆಸರನ್ನು ಮತ್ತೆ ಅದೇ ತೊಟ್ಟಿಗೆ ಮರಳಿಸುತ್ತಾರೆ. ನಂತರ ಸುಣ್ಣದಕಲ್ಲಿನ ಪುಡಿ ಬೆರೆಸುತ್ತಾರೆ. ಕಬ್ಬಿಣ ಕೆಂಪು ಕೆಸರಾಗಿ ಇಳಿಯುವಾಗ ಆರ್ಸೆನಿಕ್ಕನ್ನೂ ಅಪ್ಪಿಕೊಂಡು ಇಳಿಯುತ್ತದೆ. ದುಂಡು ತೊಟ್ಟಿಯಲ್ಲಿ ತಿಳಿಯಾದ ನೀರು ಹಳ್ಳಕ್ಕೆ, ಕೆಸರು ಸಂಗ್ರಹದ ಕಣಿವೆಗೆ.

ಪ್ರಮಾಣ ನಿಮಿಷಕ್ಕೆ ಸುಮಾರು 18 ಘನ ಮೀಟರ್, ಅಂದರೆ ದಿನಕ್ಕೆ ಎರಡೂವರೆ ಕೋಟಿ ಲೀಟರ್. ವರ್ಷದ ಖರ್ಚು 50 ಕೋಟಿ ಯೆನ್ ಆಸುಪಾಸು. ಹೊಣೆ ಹೊರುವ ಕಂಪನಿಯೇ ಇಲ್ಲದ ಇಂಥ ಗಣಿಗಳಿಗೆ ನಾಲ್ಕರಲ್ಲಿ ಮೂರು ಪಾಲನ್ನು ಕೇಂದ್ರ ಸರಕಾರವೂ ಉಳಿದದ್ದನ್ನು ಸ್ಥಳೀಯ ಸರಕಾರವೂ ಭರಿಸುತ್ತವೆ. ವಿದ್ಯುತ್ ಕೆಲವೇ ಗಂಟೆ ನಿಂತರೂ ತೊಂದರೆ, ಹುಳಿನೀರು ಬರುವುದು ನಿಲ್ಲುವುದಿಲ್ಲವಲ್ಲ. ಜಪಾನಿನಾದ್ಯಂತ ಸುಮಾರು 80 ಮುಚ್ಚಿದ ಗಣಿಗಳಲ್ಲಿ ಇಂಥ ನೀರಿನ ಸಂಸ್ಕರಣೆ ನಡೆಯುತ್ತಲೇ ಇದೆ.

ನೀರನ್ನು ಒಳ್ಳೆಯ ರೀತಿಯಲ್ಲಿ ಹೊರಬಿಟ್ಟ ಹಳೆಯ ಉದಾಹರಣೆಯೂ ಇದೆ. ಸಾದೊದಲ್ಲಿ 1691ರಿಂದ 1696ರವರೆಗೆ ಕೈಉಳಿ, ಸುತ್ತಿಗೆಗಳಿಂದಲೇ ಸುಮಾರು ಒಂದು ಕಿಲೋಮೀಟರ್ ಉದ್ದದ ಮಿನಾಮಿಝಾವ ಕಾಲುವೆಸುರಂಗ ಕೊರೆದರು. ಬೇಗ ಮುಗಿಯಲೆಂದು ಎರಡು ತುದಿಯಿಂದಲೂ, ನಡುವೆ ಬಾವಿಗಳನ್ನಿಳಿಸಿ ಅಲ್ಲಿಂದಲೂ ಏಕಕಾಲಕ್ಕೆ ಅಗೆದರು. ತುಂಡುಗಳೆಲ್ಲ ಸರಿಯಾಗಿ ಸಂಧಿಸಿದವು. ಆ ಮಟ್ಟಕ್ಕಿಂತ ಮೇಲಿನ ನೀರಿಗೆ ಪಂಪೇ ಬೇಡವಾಯಿತು. ಅದು ಇಂದಿಗೂ ಹರಿಯುತ್ತಿದೆ.

ಹೊಗೆ, ಬೋಳು ಬೆಟ್ಟ, ಕೆಸರಿನ ಕಟ್ಟೆ

ತಾಮ್ರದ ಅದಿರನ್ನು ಕುಲುಮೆಗೆ ಹಾಕಿದಾಗ ಗಂಧಕದ ಹೊಗೆ ಏಳುತ್ತದೆ. ತೊಚಿಗಿ ಪ್ರಾಂತ್ಯದ ಆಶಿಯೊವನ್ನು ಫುರುಕಾವ ಇಚಿಬೇ 1877ರಲ್ಲಿ ಕೊಂಡ ಮೇಲೆ ಹೊಸ ಸಿರೆಗಳು ಸಿಕ್ಕು, ಅದು ದೇಶದ ಅತಿ ದೊಡ್ಡ ತಾಮ್ರದ ಗಣಿಯಾಯಿತು. ಸೌದೆಗೆ ಮರ ಕಡಿದದ್ದೂ ಹೊಗೆಗೆ ಮರ ಸತ್ತದ್ದೂ ಸೇರಿ ಮತ್ಸುಗಿ ಕಣಿವೆ ಬೋಳಾಯಿತು. ಬೋಳು ಬೆಟ್ಟದ ಮಣ್ಣು ಮಳೆಗೆ ಇಳಿದು ವತರಾಸೆ ನದಿಯ ತಳವನ್ನು ಏರಿಸಿತು. ಪ್ರವಾಹ ಬಂದಾಗ ತಾಮ್ರದ ವಿಷ ಗದ್ದೆಗೆ ಹರಡಿತು. ಸಂಸತ್ತಿನಲ್ಲಿ 1891ರಿಂದ ಇದನ್ನು ಎತ್ತಿದ ತನಾಕ ಶೋಝೊ, ಯಾರೂ ಕೇಳದಿದ್ದಾಗ ಸದಸ್ಯತ್ವ ತೊರೆದು 1901ರ ಡಿಸೆಂಬರ್ 10ರಂದು ಚಕ್ರವರ್ತಿಯ ಗಾಡಿಯ ಮುಂದೆಯೇ ಅರ್ಜಿ ಹಿಡಿದು ನಿಂತರು. ಸರಕಾರ ಕೊನೆಗೆ ಯಾನಕ ಎಂಬ ಹಳ್ಳಿಯನ್ನೇ ಎಬ್ಬಿಸಿ ಅಲ್ಲಿ ಪ್ರವಾಹದ ನೀರು ನಿಲ್ಲುವ ಬಯಲು ಮಾಡಿತು. ಬೆಟ್ಟಕ್ಕೆ ಗಿಡ ನೆಡುವ ಕೆಲಸ ಈಗಲೂ ನಡೆದಿದೆ. ಮಣ್ಣೇ ಇಲ್ಲದ ಬಂಡೆಯ ಮೇಲೆ ಮೊದಲು ಮಣ್ಣನ್ನು ಹಿಡಿದು ನಿಲ್ಲಿಸಬೇಕು, ಆಮೇಲೆ ಹುಲ್ಲು, ಆಮೇಲೆ ಮರ.

ಬೆಶ್ಶಿಯವರು ಕುಲುಮೆಯನ್ನು 1905ರಲ್ಲಿ ಶಿಸಕ ದ್ವೀಪಕ್ಕೆ ಸಾಗಿಸಿದರು. ಸಮುದ್ರದ ನಡುವೆ ಹೊಗೆ ಚದುರಿಹೋಗುತ್ತದೆ ಎಂಬ ಎಣಿಕೆ ತಪ್ಪಿತು, ಗಾಳಿ ಅದನ್ನು ಇನ್ನಷ್ಟು ಅಗಲದ ಕರಾವಳಿಯ ಹೊಲಗಳಿಗೆ ಹರಡಿತು. ಹೊಗೆಯಿಂದ ಗಂಧಕವನ್ನು ಪೂರ್ತಿ ಬೇರ್ಪಡಿಸುವ ಘಟಕ ಬಂದು ಸಮಸ್ಯೆ ಬಗೆಹರಿಯಲು 1939 ಬೇಕಾಯಿತು.

ಇನ್ನೊಂದು ಉಳಿಕೆ ಫೋಟೋದಲ್ಲಿ ಕಾಣುವುದೇ ಇಲ್ಲ, ಹುಲ್ಲು ಬೆಳೆದ ಸಮತಟ್ಟು ನೆಲದಂತಿರುತ್ತದೆ. ತೇಲಿಕೆ ತೊಟ್ಟಿಯ ತಳದಲ್ಲಿ ಉಳಿದ ನುಣುಪು ಕೆಸರನ್ನು ಕಣಿವೆಗೆ ಅಡ್ಡ ಕಟ್ಟೆ ಕಟ್ಟಿ ತುಂಬಿಸಿದ ಜಾಗ ಅದು. ನುಣುಪು ಕಣಗಳ ನಡುವಿನ ನೀರು ಬೇಗ ಬಸಿಯುವುದಿಲ್ಲ. ಭೂಕಂಪ ಅಲುಗಿಸಿದರೆ ಆ ನೀರಿನ ಒತ್ತಡಕ್ಕೆ ಕಣಗಳು ಪರಸ್ಪರ ಬಿಟ್ಟುಕೊಂಡು, ಗಟ್ಟಿಯಂತಿದ್ದ ನೆಲ ಗಂಜಿಯಂತೆ ಹರಿಯುತ್ತದೆ. 1936ರ ನವೆಂಬರಿನಲ್ಲಿ ಓಸರಿಝಾವದ ಕಟ್ಟೆ ಒಡೆದು 300ಕ್ಕೂ ಹೆಚ್ಚು ಜನ ಸತ್ತರು. ಆಶಿಯೊದ ಗೆಂಗೊರೊಝಾವ ಕಟ್ಟೆ 1958ರಲ್ಲಿ ಕುಸಿಯಿತು. 2011ರ ಮಾರ್ಚ್ 11ರ ಭೂಕಂಪದಲ್ಲಿ ಅಲ್ಲಿಂದ ಮತ್ತೆ ಕೆಸರು ಜಾರಿ ವತರಾಸೆಗೆ ಸೇರಿತು. ಗಣಿ ನಿಂತು ಆಗಲೇ 38 ವರ್ಷವಾಗಿತ್ತು. ಕೆಜಿಎಫ್‌ನ ಸೈನೈಡ್ ದಿಬ್ಬಗಳ ಪಕ್ಕ ಬದುಕುವವರಿಗೆ ಈ ಬಗೆಯ ಉಳಿಕೆಯ ತೂಕ ಏನೆಂದು ಹೇಳಬೇಕಿಲ್ಲ.

ನೋಡಲು ಹೋಗುವವರಿಗೆ

ಬೇಲಿ ಹಾರಿ ಸುರಂಗಕ್ಕೆ ನುಗ್ಗಬೇಡಿ. ಕಾನೂನಿನ ಮಾತು ಒಂದು ಕಡೆ, ಗಾಳಿಯ ಮಾತು ಇನ್ನೊಂದು. ಕೊಳೆಯುವ ಮರದ ಕಂಬಗಳೂ ಪೈರೈಟೂ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. ಆಮ್ಲಜನಕ ಕಡಿಮೆಯಾದ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಜ್ಞೆ ತಪ್ಪುವ ಮುನ್ನ ಉಸಿರು ಕಟ್ಟಿದಂತೆಯೂ ಅನಿಸುವುದಿಲ್ಲ. ಕೆಳಗಿನ ಹಂತಕ್ಕೆ ಇಳಿಯುವ ಬಾವಿಗಳನ್ನು ಹಲಗೆ ಹಾಸಿ ಮುಚ್ಚಿರುತ್ತಾರೆ, ಐವತ್ತು ವರ್ಷದಲ್ಲಿ ಹಲಗೆ ಪುಡಿಯಾಗಿ ಮೇಲೆ ಮಣ್ಣಿನ ತೆಳು ಪದರವಷ್ಟೇ ಉಳಿದಿರುತ್ತದೆ.

ಕಾನೂನುಬದ್ಧವಾಗಿ ನೋಡಲು ಬೇಕಾದಷ್ಟಿದೆ. ಸಾದೊ, ಆಶಿಯೊ, ಓಸರಿಝಾವ, ಇಕುನೊಗಳಲ್ಲಿ ಸುರಂಗದ ಒಂದು ಭಾಗವನ್ನು ಭದ್ರಪಡಿಸಿ ತೆರೆದಿದ್ದಾರೆ. ಬೇಸಿಗೆಯಲ್ಲೂ ಒಳಗೆ ಹತ್ತು-ಹನ್ನೆರಡು ಡಿಗ್ರಿ ಚಳಿ ಇರುತ್ತದೆ, ಸ್ವೆಟರ್ ಬೇಕು. ಬೆಶ್ಶಿಯ ತೋನಾರುವಿನಲ್ಲಿ, 750 ಮೀಟರ್ ಎತ್ತರದಲ್ಲಿ, ಕಲ್ಲಿನ ಅದಿರುಕಣಜಗಳು ಕಾಡಿನ ನಡುವೆ ಗೋಡೆಯಂತೆ ಏರಿವೆ. ಹಾಶಿಮಾಗೆ ದೋಣಿ ಹೊರಟರೂ ಇಳಿಯುವ ಖಾತ್ರಿಯಿಲ್ಲ. ಗಾಳಿ ಸೆಕೆಂಡಿಗೆ 5 ಮೀಟರ್, ಅಲೆ ಅರ್ಧ ಮೀಟರ್ ಮೀರಿದರೆ ಇಳಿಸುವುದಿಲ್ಲ. ಇಳಿದರೂ ನಡೆಯಲು ಸಿಗುವುದು ದ್ವೀಪದ ದಕ್ಷಿಣ ಅಂಚಿನ ಸಣ್ಣ ದಾರಿ ಮಾತ್ರ. ಅಲ್ಲಿ ಎರಡನೇ ಶಾಫ್ಟ್‌ಗೆ ಏರುವ ಕಾಂಕ್ರೀಟ್ ಮೆಟ್ಟಿಲು ಕಾಣುತ್ತದೆ. ಪಾಳಿಗೆ ಹೋಗುವವರೆಲ್ಲ ಕೇಜ್, ಅಂದರೆ ಗಣಿಯ ಲಿಫ್ಟು, ಹತ್ತುತ್ತಿದ್ದುದು ಅಲ್ಲಿಂದ. ವಸತಿಗೃಹಗಳನ್ನು ನೋಡಿದಷ್ಟೇ ಹೊತ್ತು ಆ ಮೆಟ್ಟಿಲನ್ನೂ ನೋಡಿ.

ಕಮಿಯೊಕ ಮತ್ತು ಕೋಲಾರ

ಗಿಫು ಪ್ರಾಂತ್ಯದ ಕಮಿಯೊಕ ಸತು-ಸೀಸದ ಗಣಿಗೆ ಕೋಲಾರದ ಚಿನ್ನದ ಗಣಿಯ ಜೊತೆ ನಿಜವಾದ ನಂಟಿದೆ. 1965ರಲ್ಲಿ ಕೆಜಿಎಫ್‌ನ ಆಳದಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಬ್ರಿಟನ್ನಿನ ಡರ್ಹ್ಯಾಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ, ಅಂದರೆ ಬಂಡೆಯನ್ನೂ ತೂರಿಹೋಗುವ ಅತಿಸೂಕ್ಷ್ಮ ಕಣಗಳ, ಸುಳಿವು ಹಿಡಿದರು. 1980ರ ದಶಕದಲ್ಲಿ ಭಾರತ-ಜಪಾನ್ ತಂಡ ಅಲ್ಲಿಯೇ ಪರಮಾಣುವಿನೊಳಗಿನ ಪ್ರೋಟಾನ್ ಕಣ ತಾನಾಗಿ ಒಡೆಯುತ್ತದೆಯೇ ಎಂದು ಕಾದು ನೋಡಿತು. ಅದೇ ಪ್ರಶ್ನೆ ಹಿಡಿದು 1983ರಲ್ಲಿ ಕಮಿಯೊಕದೊಳಗೆ 3,000 ಟನ್ ಶುದ್ಧ ನೀರಿನ ಕಮಿಯೊಕಾಂಡೆ ಎಂಬ ಶೋಧಕ ಆರಂಭವಾಯಿತು. ಸ್ಫೋಟಿಸಿದ ನಕ್ಷತ್ರವೊಂದರ ನ್ಯೂಟ್ರಿನೊಗಳನ್ನು ಅದು 1987ರಲ್ಲಿ ಹಿಡಿಯಿತು, 2002ರಲ್ಲಿ ಕೊಶಿಬಾ ಮಸತೊಶಿಯವರಿಗೆ ನೊಬೆಲ್ ಬಂತು. ಮುಂದಿನ 50,000 ಟನ್ನಿನ ಸೂಪರ್-ಕಮಿಯೊಕಾಂಡೆಯ ಕೆಲಸಕ್ಕೆ 2015ರಲ್ಲಿ ಕಜಿತ ತಕಾಕಿಯವರಿಗೆ.

ಕಮಿಯೊಕದಲ್ಲಿ ಅದಿರು ತೆಗೆಯುವುದು ನಿಂತದ್ದು 2001ರಲ್ಲಿ. ಕೆಜಿಎಫ್ ಮುಚ್ಚಿದ್ದೂ ಅದೇ ವರ್ಷ, ಫೆಬ್ರವರಿ 28ರಂದು. ಒಂದು ಇಂದಿಗೂ ಪ್ರಯೋಗಶಾಲೆ, ಇನ್ನೊಂದರ ಆಳ ನೀರಿನ ಪಾಲು. ಹಣ, ನೀತಿ ಎಲ್ಲವೂ ಇದಕ್ಕೆ ಕಾರಣವೇ, ಅದರ ಜೊತೆಗೆ ನೆಲದ ಆಕಾರವೂ ಕಾರಣ. ಕಮಿಯೊಕ ಬೆಟ್ಟದೊಳಗಿನ ಗಣಿ. ತಲೆಯ ಮೇಲೆ 1,000 ಮೀಟರ್ ಬಂಡೆಯಿದ್ದರೂ ಬುಡದಿಂದ ಅಡ್ಡ ಸುರಂಗದಲ್ಲಿ ವಾಹನದಲ್ಲೇ ಒಳಗೆ ಹೋಗಬಹುದು, ನೀರು ತಾನಾಗಿ ಹೊರಗೆ ಹರಿಯುತ್ತದೆ. ಕೋಲಾರ ಬಯಲುನೆಲದಲ್ಲಿ ನೇರ ಕೆಳಕ್ಕೆ ಇಳಿದ ಗಣಿ. ಅಲ್ಲಿ ಒಳಗೆ ಸೇರಿದ ಪ್ರತಿ ಹನಿಯನ್ನೂ ಪಂಪು ಮಾಡಿ ಎತ್ತಬೇಕು. ಪಂಪು ನಿಂತ ದಿನವೇ ಆ ಆಳ ಕೈತಪ್ಪಿತು.

ಕಮಿಯೊಕದ ಹೆಸರಿಗೆ ಇನ್ನೊಂದು ಮುಖವೂ ಇದೆ. ಅಲ್ಲಿನ ಕ್ಯಾಡ್ಮಿಯಂ ಜಿಂಜು ನದಿಗಿಳಿದು, ಗದ್ದೆಯ ಅಕ್ಕಿಗೆ ಸೇರಿ, ಮೂಳೆ ಮೆತ್ತಗಾಗಿ ತಾನಾಗಿ ಮುರಿಯುವ 'ಇತಾಯ್-ಇತಾಯ್' ರೋಗ ತಂದಿತು. 'ನೋವು, ನೋವು' ಎಂಬ ನರಳಿಕೆಯೇ ಆ ಹೆಸರು. 1968ರಲ್ಲಿ ಸರಕಾರ ಕಾರಣವನ್ನು ಒಪ್ಪಿಕೊಂಡಿತು. ಮೊಕದ್ದಮೆ ಗೆದ್ದ ರೈತರು ಪರಿಹಾರದ ಹಣಕ್ಕೆ ತೃಪ್ತರಾಗದೆ, ಗಣಿಯೊಳಗೆ ಹೋಗಿ ತಪಾಸಣೆ ಮಾಡುವ ಹಕ್ಕನ್ನೂ ಬರೆಸಿಕೊಂಡರು. ಕೆಟ್ಟ ಗದ್ದೆಗಳ ಮಣ್ಣನ್ನು ಬದಲಿಸುವ ಕೆಲಸ 2012ರವರೆಗೆ ನಡೆಯಿತು. ನದಿಯ ಕ್ಯಾಡ್ಮಿಯಂ ಈಗ ಸಹಜ ಮಟ್ಟಕ್ಕಿಳಿದಿದೆ. ಹಾಗಿದ್ದೂ 1972ರಿಂದ ಪ್ರತಿ ವರ್ಷ ಕೆಳಗಿನ ಊರಿನವರು, ವಕೀಲರು, ವಿಜ್ಞಾನಿಗಳು ಆ ಬೆಟ್ಟ ಹತ್ತಿ, ಕಾಲುವೆಗಳನ್ನೂ ಕೆಸರಿನ ಕಟ್ಟೆಗಳನ್ನೂ ಒಂದೊಂದಾಗಿ ನೋಡಿ ಬರುತ್ತಾರೆ.